ಮೊದಲು ಒಂದು ವರ್ಷ ಆರಿಸಿಕೊಳ್ಳಿ: 911 ಬ್ಯಾಕ್‌ಡೇಟ್‌ಗೆ ಯೋಜನೆ ಹಾಕುವ ಬಗೆ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಗೆಳೆಯರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ)

ಹಳೆಯ ಪೋರ್ಷೆ 911 ಒಂದನ್ನು ತೆಗೆದುಕೊಂಡು, ಅದು ತಯಾರಾದ ಕಾಲಕ್ಕಿಂತ ಹಿಂದಿನ ರೂಪಕ್ಕೆ ತರುವ ಕೆಲಸಕ್ಕೆ ಬ್ಯಾಕ್‌ಡೇಟ್ ಅಂತ ಹೆಸರು. ಕಾಗದದ ಮೇಲೆ 1983ರ ಕಾರು, ಕಣ್ಣಿಗೆ 1973ರ ಕಾರು. ಇಲ್ಲಿ ಕೂತಿರುವವರಲ್ಲಿ ಕೆಲವರು ಇಂಥ ಕಾರು ಕಟ್ಟಬೇಕು ಅಂತ ಆಸೆ ಇಟ್ಟುಕೊಂಡಿದ್ದೀರಿ. ಒಬ್ಬಿಬ್ಬರು ಆಗಲೇ ಕಾರು ಹುಡುಕುತ್ತಿದ್ದೀರಿ. ಇವತ್ತು ನಾನು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚಿನ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ಬ್ಯಾಕ್‌ಡೇಟ್ ಕಾರು ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಆ ಹಂತದಲ್ಲೇ ತೀರ್ಮಾನ ಆಗಿಬಿಡುತ್ತದೆ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಆಸೆ ಹುಟ್ಟುವುದಕ್ಕೆ ಕಾರಣ ಒಂದು ಬಂಪರ್. 911 ಮೊದಲು ಕಾಣಿಸಿಕೊಂಡಿದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಆಗಿನಿಂದ 1973ರ ಮಾಡೆಲ್‌ವರೆಗೆ ಅದರ ಮುಂದಿನ ಬಾನೆಟ್ ಉದ್ದಕ್ಕೆ ಇಳಿದು ಬಂದು ಬಂಪರಿನ ಅಂಚಿಗೆ ಸೇರುತ್ತಿತ್ತು. ಬಂಪರ್ ತೆಳ್ಳಗೆ, ಮೈಗೆ ಅಂಟಿಕೊಂಡ ಹಾಗೆ ಇತ್ತು. ಆಮೇಲೆ ಅಮೆರಿಕದಲ್ಲಿ ಹೊಸ ನಿಯಮ ಬಂತು. ಗಂಟೆಗೆ 5 ಮೈಲಿ ವೇಗದಲ್ಲಿ ಡಿಕ್ಕಿ ಹೊಡೆದರೂ ಬಂಪರ್ ತಡೆದುಕೊಳ್ಳಬೇಕು ಅಂತ. ಪೋರ್ಷೆ 1974ರ ಮಾಡೆಲ್‌ನಿಂದ ದೊಡ್ಡ ಅಲ್ಯೂಮಿನಿಯಂ ಬಂಪರ್ ಹಾಕಿತು. ಬಂಪರ್ ಮತ್ತು ಮೈ ನಡುವೆ ಮಡಿಕೆ ಮಡಿಕೆಯ ಕಪ್ಪು ರಬ್ಬರ್ ಬಂತು. ಬಂಪರ್ ಮೇಲಕ್ಕೆ ಬಂದಿದ್ದರಿಂದ ಬಾನೆಟ್ ಗಿಡ್ಡ ಆಯಿತು. ಆ ರೂಪ 1989ರವರೆಗೆ ನಡೆಯಿತು. ಆದರೆ ಬಾಗಿಲು, ಛಾವಣಿ, ಮುಂದಿನ ಗಾಜು ಇವೆಲ್ಲ ಹೆಚ್ಚುಕಡಿಮೆ ಹಾಗೇ ಉಳಿದವು. ಹತ್ತಾರು ವರ್ಷ ಒಂದೇ ಮೈಕಟ್ಟು. ಅದಕ್ಕೇ ಮುಂದಿನ ತುದಿ, ಹಿಂದಿನ ತುದಿ ಬದಲಾಯಿಸಿದರೆ ಕಾರು ಹತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಬೇರೆ ಯಾವ ಸ್ಪೋರ್ಟ್ಸ್ ಕಾರಿನಲ್ಲೂ ಇದು ಇಷ್ಟು ಸಲೀಸಾಗಿ ಆಗುವುದಿಲ್ಲ.

ಇನ್ನೊಂದು ಕಾರಣ ದುಡ್ಡು. 1973ರ ಕರೇರಾ ಆರ್‌ಎಸ್ 2.7 ಅನ್ನುವುದು 911ರ ಹಗುರವಾದ, ವೇಗದ ಮಾದರಿ, ಮುಂದೆ ಬರೀ ಆರ್‌ಎಸ್ ಅನ್ನುತ್ತೇನೆ. ರೇಸಿಗೆ ಅರ್ಹತೆ ಪಡೆಯುವುದಕ್ಕೆ ಅಂಥ 500 ಕಾರು ಮಾಡಿದರೆ ಸಾಕಿತ್ತು. ಕೊನೆಗೆ 1580 ಮಾಡಿದರು. ಇವತ್ತು ಒಂದು ಅಸಲಿ ಆರ್‌ಎಸ್‌ಗೆ ಕೆಲವು ಲಕ್ಷ ಡಾಲರ್ ಬೇಕು. ಅಷ್ಟು ಕೊಟ್ಟು ಕೊಂಡವರು ಅದನ್ನು ಮಳೆಯಲ್ಲಿ ಓಡಿಸುವುದಿಲ್ಲ, ಅಂಗಡಿ ಮುಂದೆ ನಿಲ್ಲಿಸುವುದಿಲ್ಲ. ಓಡಿಸುವುದಕ್ಕೆ ಅಂತಲೇ ಒಂದು ಕಾರು ಬೇಕು ಅನ್ನುವವರಿಗೆ ಬ್ಯಾಕ್‌ಡೇಟ್ ನ್ಯಾಯವಾದ ದಾರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾರು ಹುಡುಕುವ ಮುಂಚೆ ಒಂದು ವರ್ಷ ಆರಿಸಿಕೊಳ್ಳಿ. "ಹಳೇ ಕಾಲದ ಥರ ಇರಬೇಕು" ಅಂದರೆ ಸಾಲದು. 1970 ಅಥವಾ 1972 ಅಥವಾ 1973, ಯಾವುದೋ ಒಂದು. ಆ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿ. ಮುಂದೆ ಬರುವ ನೂರಾರು ಸಣ್ಣ ಪ್ರಶ್ನೆಗಳಿಗೆ ಆ ಹಾಳೆಯೇ ಉತ್ತರ ಹೇಳುತ್ತದೆ. ಕನ್ನಡಿ ಯಾವುದು, ಹಾರ್ನ್ ಜಾಲರಿ ಕ್ರೋಮ್ ಇರಬೇಕೋ ಕಪ್ಪು ಇರಬೇಕೋ, ಮೀಟರಿನ ಅಕ್ಷರ ಯಾವ ಬಣ್ಣ, ಸೀಟಿಗೆ ಯಾವ ಬಟ್ಟೆ. ವರ್ಷ ಗೊತ್ತಿದ್ದರೆ ಇವು ಯಾವುವೂ ನಿಮ್ಮ ನಿದ್ದೆ ಕೆಡಿಸುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1972ರ ಮಾಡೆಲ್‌ನಲ್ಲಿ ಪೋರ್ಷೆಯವರು ಆಯಿಲ್ ಟ್ಯಾಂಕನ್ನು ಹಿಂದಿನ ಬಲ ಚಕ್ರದ ಮುಂದಕ್ಕೆ ತಂದರು. ಅದಕ್ಕೆ ಆಯಿಲ್ ತುಂಬುವ ಮುಚ್ಚಳವನ್ನು ಬಲಗಡೆ ಬಾಗಿಲಿನ ಹಿಂದೆ, ಕಾರಿನ ಹೊರಮೈಯಲ್ಲೇ ಇಟ್ಟರು. ಬಂಕಿನ ಹುಡುಗರು ಅದನ್ನು ಪೆಟ್ರೋಲ್ ಮುಚ್ಚಳ ಅಂದುಕೊಂಡು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಹಾಕಿದರು. ಒಂದೇ ವರ್ಷಕ್ಕೆ ಆ ವ್ಯವಸ್ಥೆ ನಿಂತುಹೋಯಿತು. ಈಗ ಆ ಪುಟ್ಟ ಮುಚ್ಚಳ ತುಂಬ ಜನರಿಗೆ ಇಷ್ಟ. ಹಾಗಾಗಿ ಬ್ಯಾಕ್‌ಡೇಟ್ ಕಾರುಗಳಿಗೆ ಅದನ್ನು ಕೂರಿಸುತ್ತಾರೆ. ಅದೇ ಕಾರಿನ ಹಿಂದೆ ಆರ್‌ಎಸ್‌ನ ಬಾತುಕೋಳಿ ಬಾಲದ ಸ್ಪಾಯ್ಲರ್ ಕೂಡ ಹಾಕುತ್ತಾರೆ. ಆರ್‌ಎಸ್ 1973ರದ್ದು, ಅದರಲ್ಲಿ ಆ ಮುಚ್ಚಳವೇ ಇಲ್ಲ. ಎರಡೂ ಬಿಡಿಬಿಡಿಯಾಗಿ ಸುಂದರ, ಒಟ್ಟಿಗೆ ಸೇರಿದಾಗ ಏನೋ ಸರಿಯಿಲ್ಲ ಅನಿಸುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿರಬಹುದು, ಆದರೆ ಕಣ್ಣು ತಡವರಿಸುತ್ತದೆ. ಇದೇ ರೀತಿ ಮೀಟರಿನ ಹಸಿರು ಅಕ್ಷರ 1967ರವರೆಗಿನ ಕಾರಿನದು. ಅದನ್ನು ತಂದು 1973ರ ಮುಖದ ಕಾರಿಗೆ ಹಾಕಿದರೆ ಎರಡು ಕಾರು ಒಂದರೊಳಗೊಂದು ಕೂತ ಹಾಗಾಗುತ್ತದೆ. ಬೇಕಂತಲೇ ಬೆರೆಸುವವರು ಇದ್ದಾರೆ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರನ್ನು ತಮಗೆ ಬೇಕಾದ ಹಾಗೆ ಮಾರ್ಪಡಿಸುವ ಹಾಟ್‌ರಾಡ್ ಸಂಪ್ರದಾಯವೇ ಇದೆ. ಅವರಿಗೆ ಪ್ರತಿ ವರ್ಷದ ಭಾಗವೂ ಬಾಯಿಪಾಠ. ಗೊತ್ತಿದ್ದು ಬೆರೆಸುವುದು ಬೇರೆ, ಸಿಕ್ಕಿದ್ದನ್ನು ಸೇರಿಸುತ್ತಾ ಹೋಗುವುದು ಬೇರೆ, ಅಲ್ವಾ?

ಯಾವ ವರ್ಷ ಆರಿಸಬೇಕು ಅನ್ನುವುದು ಬರೀ ರುಚಿಯ ವಿಷಯ ಅಲ್ಲ. ಲೋಹಕ್ಕೂ ಅದರದೇ ಲೆಕ್ಕ ಇದೆ. 1968ರವರೆಗಿನ 911ರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2211 ಮಿ.ಮೀ. ಇತ್ತು. ಎಂಜಿನ್ ಹಿಂದೆ ಇರುವ ಕಾರು, ತಿರುವಿನಲ್ಲಿ ಹಿಂಭಾಗ ಜಾರುತ್ತಿತ್ತು. 1969ರ ಮಾಡೆಲ್‌ಗೆ ಹಿಂದಿನ ಚಕ್ರವನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಎಂಬತ್ತರ ದಶಕದ ಕಾರನ್ನು ತಂದು 1966ರ ಹಾಗೆ ಮಾಡಿ ಅಂದರೆ ಆ 57 ಮಿ.ಮೀ. ಅಡ್ಡ ಬರುತ್ತದೆ. ಹಿಂದಿನ ಚಕ್ರದ ಕಮಾನು ತಪ್ಪಿದ ಜಾಗದಲ್ಲಿ ಇರುತ್ತದೆ. ಹಿಂದಿನ ಮಡ್‌ಗಾರ್ಡ್ ಕೂಡ ಅಗಲವಾಗಿರುತ್ತದೆ. ಹಾಗಾಗಿ 1969ರಿಂದ 1973ರ ಒಳಗೆ ಇರಿ ಅನ್ನುವುದು ನನ್ನ ಸಲಹೆ.

ಅದರಲ್ಲೂ 911 ಎಸ್‌ಸಿ ಕಾರು 1973ರ ಆರ್‌ಎಸ್‌ಗೆ ಚೆನ್ನಾಗಿ ಒಗ್ಗುತ್ತದೆ. ಎಸ್‌ಸಿ ಅಂದರೆ 1978ರಿಂದ 1983ರವರೆಗೆ ಬಂದ 3 ಲೀಟರಿನ ಮಾಡೆಲ್. ಆರ್‌ಎಸ್‌ನಲ್ಲಿ 15 ಇಂಚಿನ ಚಕ್ರ, ಮುಂದೆ 6 ಇಂಚು ಅಗಲ, ಹಿಂದೆ 7 ಇಂಚು. ಟೈರು ಮುಂದೆ 185/70, ಹಿಂದೆ 215/60. ಎಸ್‌ಸಿಯ ಮೂಲ ಅಳತೆಯೂ ಅದೇ! ಹಿಂದಿನ ಅಗಲವಾದ ಸೊಂಟ ಕಾರ್ಖಾನೆಯಿಂದಲೇ ಬಂದಿರುತ್ತದೆ. ಚಕ್ರ ಕೂರಿಸುವುದಕ್ಕೆ ಮೈ ಕತ್ತರಿಸಬೇಕಾಗಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 17 ಇಂಚಿನ ಚಕ್ರಕ್ಕೆ ಆಸೆ ಪಡಬೇಡಿ. 1973ರ ಮೈಗೆ ದಪ್ಪ ಪಕ್ಕೆಯ 15 ಇಂಚಿನ ಟೈರೇ ಚೆಂದ. ರಸ್ತೆಯ ಗುಂಡಿಗೂ ಅದೇ ಒಳ್ಳೆಯದು.

ಇನ್ನು ಯಾವ ಕಾರು ಕೊಳ್ಳಬೇಕು? ಎರಡು ಥರದ ಕಾರುಗಳನ್ನು ಬಿಟ್ಟುಬಿಡಿ. 1973ರವರೆಗಿನ ಅಸಲಿ ಕಾರು ಸಿಕ್ಕರೆ ಅದನ್ನು ಇದ್ದ ಹಾಗೇ ರಿಪೇರಿ ಮಾಡಿ. ಹಾಗೆಯೇ ಮೂಲ ಬಣ್ಣ, ಮೂಲ ಎಂಜಿನ್, ಪೂರ್ತಿ ದಾಖಲೆ ಇರುವ ಒಳ್ಳೆಯ ಎಸ್‌ಸಿಯನ್ನೂ ಕತ್ತರಿಸಬೇಡಿ. ಅಂಥವು ಕಡಿಮೆ ಆಗುತ್ತಾ ಬಂದಿವೆ. ನಿಮಗೆ ಬೇಕಾಗಿರುವುದು ಯಾರೋ ಆಗಲೇ ಬಣ್ಣ ಬದಲಾಯಿಸಿದ, ಒಳಗಿನ ಸಾಮಾನು ಹೋಗಿರುವ, ಆದರೆ ಮೈ ಗಟ್ಟಿ ಇರುವ ಕಾರು. ಬಣ್ಣ ಹಾಳಾಗಿದ್ದರೆ ಪರವಾಗಿಲ್ಲ, ಹೇಗಿದ್ದರೂ ತೆಗೆಯುತ್ತೀರಿ. ಸೀಟು ಹರಿದಿದ್ದರೂ ಪರವಾಗಿಲ್ಲ. ತುಕ್ಕು ಮಾತ್ರ ಇರಬಾರದು.

ತುಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಲ್ಲೇ ದುಡ್ಡು ಸೋರಿಹೋಗುವುದು. 1976ರ ಮಾಡೆಲ್‌ನಿಂದ ಪೋರ್ಷೆ ಇಡೀ ಮೈಗೆ ಸತುವಿನ ಲೇಪ ಇರುವ ಉಕ್ಕು ಬಳಸಿತು. ಎಸ್‌ಸಿ ಆರಿಸುವುದಕ್ಕೆ ಇದು ದೊಡ್ಡ ಕಾರಣ. ಆದರೂ ಸತು ಇದ್ದ ಮಾತ್ರಕ್ಕೆ ತುಕ್ಕು ಇಲ್ಲ ಅಂತಲ್ಲ. ಅಪಘಾತ ಆಗಿ ಟಿಂಕರಿಂಗ್ ಮಾಡಿದ ಕಡೆ ಆ ಲೇಪ ಹೋಗಿರುತ್ತದೆ. ಮುಂದಿನ ಬಾನೆಟ್ ತೆಗೆಯಿರಿ. ಅಲ್ಲಿ ಎಂಜಿನ್ ಇಲ್ಲ, ಡಿಕ್ಕಿ ಇದೆ. ಕಾರ್ಪೆಟ್ ಎತ್ತಿ ಬ್ಯಾಟರಿ ಕೂರುವ ಜಾಗ ನೋಡಿ. ಆಸಿಡ್ ಸೋರಿ ಅದರ ಕೆಳಗೆ ತೂತು ಬಿದ್ದಿರುವುದುಂಟು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಮುಂದಿನ ಸಸ್ಪೆನ್ಷನ್ ಬೋಲ್ಟ್ ಆಗುವ ತಗಡು ನೋಡಿ. ಮುಂದಿನ ಗಾಜಿನ ಕೆಳಗಿನ ಎರಡು ಮೂಲೆಗಳಲ್ಲಿ ರಬ್ಬರ್ ಒತ್ತಿ ನೋಡಿ, ಬಣ್ಣ ಉಬ್ಬಿದ್ದರೆ ಒಳಗೆ ಜಾಸ್ತಿಯೇ ತಿಂದಿರುತ್ತದೆ. ಆಮೇಲೆ ಬಾಗಿಲು ತೆಗೆದು ಅದರ ಹಿಂದಿನ ಕೆಳಮೂಲೆಗೆ ಬನ್ನಿ. ಹಿಂದಿನ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡುವ ಕಂಬಿ, ಅದರ ಕೊಳವೆ ಮೈಗೆ ಸೇರುವ ಜಾಗ ಅದು. ಕಾರಿನ ಹಿಂಭಾಗದ ಭಾರವೆಲ್ಲ ಅಲ್ಲಿ ನಿಂತಿರುತ್ತದೆ. ಅಲ್ಲಿ ದಪ್ಪನೆಯ ಕಪ್ಪು ಲೇಪ ಹೊಸದಾಗಿ ಕಂಡರೆ ಅದರ ಕೆಳಗೆ ಏನಿದೆ ಅಂತ ಕೇಳಿ. ಒಂದು ಅಯಸ್ಕಾಂತವನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಓಡಾಡಿಸಿ. ಅಂಟದ ಕಡೆ ಪುಟ್ಟಿ ಇದೆ ಅಂತ ಅರ್ಥ.

ಎಂಜಿನ್ನಿಗೂ ಒಂದು ಪರೀಕ್ಷೆ ಇದೆ. ಎಸ್‌ಸಿಯ ಸಿಲಿಂಡರ್ ಹೆಡ್ ಹಿಡಿದಿಡುವ ಉದ್ದನೆಯ ಸ್ಟಡ್‌ಗಳಲ್ಲಿ ಕೆಳಗಿನ ಸಾಲು ತುಂಡಾಗುತ್ತದೆ. ಅದು ಈ ಎಂಜಿನ್ನಿನ ಹೆಸರಾದ ಕಾಯಿಲೆ. ಕೊಳ್ಳುವ ಮುಂಚೆ ಕೆಳಗಿನ ವಾಲ್ವ್ ಕವರ್‌ಗಳನ್ನು ಬಿಚ್ಚಿಸಿ ನೋಡಿ. ಸ್ಟಡ್ ಮುರಿದಿದ್ದರೆ ಅದರ ತುದಿ, ನಟ್ ಸಮೇತ, ಆ ಕವರಿನೊಳಗೇ ಬಿದ್ದಿರುತ್ತದೆ. ಅಲ್ಲಿ ಒಂದು ತುಂಡು ಸಿಕ್ಕರೆ ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಇನ್ನೊಂದು. 1984ರಲ್ಲಿ ಬಂದ ಕರೇರಾ 3.2ರಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಇದೆ. ಅದನ್ನು ಎಸ್‌ಸಿಗೂ ಹಾಕಬಹುದು. ಹಿಂದಿನ ಮಾಲೀಕರು ಹಾಕಿಸಿದ್ದಾರಾ ಅಂತ ವಿಚಾರಿಸಿ.

ಬಂಪರ್ ಬದಲಾಯಿಸುವುದು ಅಂದರೆ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮುಂದಿನಿಂದ ಶುರು ಮಾಡೋಣ. ಮುಂದಿನ ಎರಡೂ ಫೆಂಡರ್, ಅಂದರೆ ಮಡ್‌ಗಾರ್ಡ್, ಬೋಲ್ಟಿನಿಂದ ಕೂತಿರುತ್ತವೆ, ಅವು ಬಿಚ್ಚಿ ಬರುತ್ತವೆ. ಹಳೆಯ ಮಾದರಿಯ ಫೆಂಡರಿನಲ್ಲಿ ಇಂಡಿಕೇಟರ್ ಮತ್ತು ಹಾರ್ನ್ ಜಾಲರಿಗೆ ಜಾಗ ಇರುತ್ತದೆ. ಎಸ್‌ಸಿಯಲ್ಲಿ ಇಂಡಿಕೇಟರ್ ಬಂಪರಿನೊಳಗೆ ಇದೆ. ಹಾಗಾಗಿ ಫೆಂಡರ್ ಎರಡೂ ಬದಲಾಗಬೇಕು. ಉದ್ದ ಬಾನೆಟ್ ಬೇಕು. ಬಾನೆಟ್ ಬಂದು ಲಾಕ್ ಆಗುವ ಅಡ್ಡ ತಗಡು ಎಸ್‌ಸಿಯಲ್ಲಿ ಮೇಲಿದೆ, ಉದ್ದ ಬಾನೆಟ್ಟಿಗೆ ಅದು ಕೆಳಗೆ ಬೇಕು. ಅಲ್ಲಿ ಕತ್ತರಿಸಿ ಬೆಸೆಯಬೇಕು. ಹಿಂದೆ, ಮಡಿಕೆ ರಬ್ಬರ್ ಕೂರುತ್ತಿದ್ದ ಮೂಲೆಗಳನ್ನು ಹೊಸ ತಗಡಿನಿಂದ ಮುಚ್ಚಿ ಹಳೆಯ ಬಂಪರಿನ ಆಕಾರಕ್ಕೆ ತರಬೇಕು. ಎರಡು ಹಿಂದೀಪಗಳ ನಡುವೆ ಇರುವ ಉದ್ದನೆಯ ಕೆಂಪು ಪಟ್ಟಿ ಹೋಗಬೇಕು, ಅದರ ಹಿಂದಿನ ಜಾಗ ನುಣುಪಾಗಬೇಕು. ಎಂಜಿನ್ ಮುಚ್ಚಳ ಮಾತ್ರ ಆಕಾರದಲ್ಲಿ ಹೊಂದುತ್ತದೆ. ಬಾತುಕೋಳಿ ಬಾಲ ಬೇಕಿದ್ದರೆ ಅದನ್ನೇ ಬದಲಾಯಿಸುತ್ತೀರಿ.

ಉಕ್ಕು ಬೇಕೋ ಫೈಬರ್ ಬೇಕೋ? ನನ್ನ ಉತ್ತರ ಇಷ್ಟು: ಫೆಂಡರ್ ಉಕ್ಕಿನದೇ ಇರಲಿ. ಬಾಗಿಲಿನ ಪಕ್ಕ ಬರುವ ಭಾಗ ಅದು, ಅಲ್ಲಿನ ಗ್ಯಾಪ್ ಮೇಲಿಂದ ಕೆಳಗೆ ಒಂದೇ ಸಮ ಬರಬೇಕು. ಉಕ್ಕನ್ನು ಟಿಂಕರಿಂಗ್ ಮಾಡುವವರು ಬಡಿದು, ಎಳೆದು ಸರಿಮಾಡುತ್ತಾರೆ. ಫೈಬರನ್ನು ಉಜ್ಜಬಹುದು, ತುಂಬಬಹುದು, ಅಷ್ಟೇ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತರೆ ಅಗ್ಗದ ಫೈಬರಿನ ನೇಯ್ಗೆ ಬಣ್ಣದ ಮೇಲೆ ಮೂಡಿ ಕಾಣುತ್ತದೆ. ಬಂಪರ್‌ಗಳು, ಬಾತುಕೋಳಿ ಬಾಲ ಫೈಬರಿನದಾದರೆ ತೊಂದರೆ ಇಲ್ಲ. ತೂಕವೂ ಇಳಿಯುತ್ತದೆ.

ಒಂದು ಕೆಲಸವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬಣ್ಣ ಹಚ್ಚುವ ಮುಂಚೆ ಇಡೀ ಕಾರನ್ನು ಒಂದು ಸಲ ಪೂರ್ತಿ ಜೋಡಿಸಿ ನೋಡಿ. ಸುಮ್ನೆ ಫೆಂಡರ್ ಇಟ್ಟು ನೋಡುವುದಲ್ಲ. ಬಾಗಿಲಿನ ಹೊಸ ರಬ್ಬರ್, ಬಾನೆಟ್ ರಬ್ಬರ್, ದೀಪ, ಬಂಪರ್, ಬಂಪರಿನ ಮೇಲಿನ ಪಟ್ಟಿ ಎಲ್ಲ ಹಾಕಿ. ಹೊಸ ರಬ್ಬರ್ ದಪ್ಪ ಇರುತ್ತದೆ, ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ರಬ್ಬರ್ ಇಲ್ಲದೆ ಸರಿಮಾಡಿದ ಗ್ಯಾಪ್ ರಬ್ಬರ್ ಬಂದ ಮೇಲೆ ತಪ್ಪುತ್ತದೆ. ಬಂಪರಿಗೆ ತೂತು ಕೊರೆಯುವುದೆಲ್ಲ ಈಗಲೇ ಮುಗಿಯಲಿ. ಬಣ್ಣ ಹಚ್ಚಿದ ಮೈಮೇಲೆ ಡ್ರಿಲ್ ಹಿಡಿಯುವ ಪರಿಸ್ಥಿತಿ ಬರಬಾರದು.

ಎ.ಸಿ. ಬೇಕೋ ಬೇಡವೋ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಇದು ಬರೀ ಸೆಕೆಯ ಪ್ರಶ್ನೆ ಅಂದುಕೊಳ್ಳಬೇಡಿ. ಎಸ್‌ಸಿಯಲ್ಲಿ ಎ.ಸಿ.ಯ ಬಿಸಿಯನ್ನು ಹೊರಹಾಕುವ ಒಂದು ಕಂಡೆನ್ಸರ್ ಎಂಜಿನ್ ಮುಚ್ಚಳದ ಜಾಲರಿಯ ಕೆಳಗೇ ಇದೆ, ಇನ್ನೊಂದು ಮುಂದೆ ಇದೆ. ಮುಚ್ಚಳ ಬದಲಾದರೆ ಅದು ಎಲ್ಲಿಗೆ ಹೋಗಬೇಕು? ಮುಂದಿನ ಬಂಪರ್ ಬದಲಾದರೆ ಅಲ್ಲಿ ಗಾಳಿ ಹೇಗೆ ಬರಬೇಕು? ಆಯಿಲ್ ಕೂಲರ್ ಕೂಡ ಮುಂದಿನ ಬಲ ಫೆಂಡರಿನೊಳಗೆ ಇದೆ. ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಗಾಳಿ ಮತ್ತು ಆಯಿಲ್, ಇವೆರಡೇ ಅದನ್ನು ತಂಪಾಗಿಡುವುದು. 10 ಲೀಟರಿಗೂ ಜಾಸ್ತಿ ಆಯಿಲ್ ಎಂಜಿನ್ನಿನಿಂದ ಮುಂದಿನ ಕೂಲರಿಗೆ, ಅಲ್ಲಿಂದ ಟ್ಯಾಂಕಿಗೆ, ಮತ್ತೆ ಎಂಜಿನ್ನಿಗೆ ಓಡಾಡುತ್ತಿರುತ್ತದೆ. ಆಯಿಲ್ ಮಟ್ಟವನ್ನೂ ಎಂಜಿನ್ ಬಿಸಿಯಾಗಿ, ಸ್ಟಾರ್ಟ್‌ನಲ್ಲಿ ಇದ್ದು, ಕಾರು ಸಮತಟ್ಟಾದ ನೆಲದಲ್ಲಿ ನಿಂತಾಗಲೇ ನೋಡಬೇಕು. ಹೊಸ ಫೆಂಡರಿನೊಳಗೆ ಕೂಲರಿಗೆ ಗಾಳಿಯ ದಾರಿ ಇಲ್ಲದಿದ್ದರೆ ಬೇಸಿಗೆಯ ಟ್ರಾಫಿಕ್ಕಿನಲ್ಲಿ ಮೀಟರಿನ ಮುಳ್ಳು ಏರುತ್ತಾ ಹೋಗುತ್ತದೆ.

ಎಂಜಿನ್ ಶಕ್ತಿಯ ಬಗ್ಗೆ ಎಲ್ಲರಿಗೂ ಆಸೆ. ಲೆಕ್ಕ ಹಾಕಿ ನೋಡೋಣ. ಆರ್‌ಎಸ್ 2.7ರಲ್ಲಿ 210 ಅಶ್ವಶಕ್ತಿ. ಅದರ ಟೂರಿಂಗ್ ಮಾದರಿಯ ತೂಕ 1075 ಕೆ.ಜಿ. ಅಂದರೆ ಒಂದು ಟನ್ನಿಗೆ 195. ಎಸ್‌ಸಿಯ ತೂಕ ಸುಮಾರು 1160 ಕೆ.ಜಿ. ಯುರೋಪಿನ ಕೊನೆಯ ಎಸ್‌ಸಿಗಳಲ್ಲಿ 204 ಅಶ್ವಶಕ್ತಿ ಇತ್ತು, ಅಂದರೆ ಟನ್ನಿಗೆ 176. ಅದೇ ಕಾರನ್ನು 1050 ಕೆ.ಜಿ.ಗೆ ಇಳಿಸಿದರೆ ಎಂಜಿನ್ ಮುಟ್ಟದೆಯೇ 194 ಬರುತ್ತದೆ. ಆರ್‌ಎಸ್‌ನ ಪಕ್ಕಕ್ಕೆ ಬಂದುಬಿಟ್ಟಿರಿ! ಅಮೆರಿಕದ ಎಸ್‌ಸಿಯಲ್ಲಿ 180 ಇತ್ತು. ಅದನ್ನು ಅಷ್ಟೇ ಇಳಿಸಿದರೆ 171. 110 ಕೆ.ಜಿ. ಇಳಿಸುವುದು ಸುಲಭ ಅಂತ ನಾನು ಹೇಳುವುದಿಲ್ಲ. ದೊಡ್ಡ ಬಂಪರ್, ಅದರ ಹಿಂದಿನ ಶಾಕ್ ಅಬ್ಸಾರ್ಬರ್, ಎ.ಸಿ., ಹಿಂದಿನ ಸೀಟು, ನೆಲದ ಮೇಲೆ ಬಳಿದ ಶಬ್ದ ತಡೆಯುವ ಟಾರು, ಭಾರದ ಸೀಟುಗಳು, ಒಂದೊಂದಾಗಿ ತೆಗೆಯಬೇಕು. ಆದರೆ ಇಳಿದ ಪ್ರತಿ ಕೆ.ಜಿ. ಬ್ರೇಕಿಗೂ, ತಿರುವಿಗೂ, ಟೈರಿಗೂ ಲಾಭ. ಎಂಜಿನ್ನಿಗೆ ಸುರಿದ ದುಡ್ಡು ವೇಗ ಹೆಚ್ಚಿಸುವಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಇಲ್ಲಿ ಕಾರ್ಬ್ಯುರೇಟರ್ ಆಸೆಯ ಬಗ್ಗೆಯೂ ಹೇಳಬೇಕು. ಎಸ್‌ಸಿಯಲ್ಲಿ ಇರುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆ. ಬಾಷ್ ಅಂದರೆ ಬೆಂಗಳೂರಿನವರಿಗೆ ಹೊಸ ಹೆಸರಲ್ಲ. 1951ರಲ್ಲಿ ಶುರುವಾದ ನಮ್ಮ ಮೈಕೋ ಬಾಷ್‌ನದೇ ಕೂಸು. ಆಡುಗೋಡಿಯ ಆ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ ಮಾಡಿದವರ ಮನೆಗಳಿಂದ ಬಂದವರು ಈ ಸಭೆಯಲ್ಲೂ ಇರಬಹುದು. ಸ್ಪ್ರೇ ಎಷ್ಟು ಸಣ್ಣಗೆ ಬೀಳಬೇಕು, ಒತ್ತಡ ಎಷ್ಟಿರಬೇಕು ಅನ್ನುವುದರ ಬೆಲೆ ಅಂಥ ಮನೆಗಳಲ್ಲಿ ಗೊತ್ತು. ಕೆ-ಜೆಟ್ರಾನಿಕ್ ಸರಿಯಾಗಿ ಹೊಂದಿಸಿದರೆ ನಂಬಿಕೆಯದು. ಗಾಳಿ ಸೋರಿಕೆ ಇರಬಾರದು, ಅಷ್ಟೇ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಪ್ಲಾಸ್ಟಿಕ್ಕಿನ ಏರ್‌ಬಾಕ್ಸ್ ಒಡೆಯುತ್ತದೆ. ಅದಕ್ಕೆ ಒತ್ತಡ ಹೊರಬಿಡುವ ಸಣ್ಣ ವಾಲ್ವ್ ಒಂದು ಸಿಗುತ್ತದೆ, ಹಾಕಿಸಿಕೊಳ್ಳಿ. ಕಾರ್ಬ್ಯುರೇಟರಿನ ಸದ್ದು ನನಗೂ ಇಷ್ಟ. ಆದರೆ ಎಸ್‌ಸಿಯ ಕ್ಯಾಮ್ (ವಾಲ್ವ್ ತೆಗೆಯುವ ಭಾಗ) ಮತ್ತು ಪಿಸ್ಟನ್ ಈ ಇಂಜೆಕ್ಷನ್ ವ್ಯವಸ್ಥೆಗೆ ಅಂತ ಮಾಡಿದವು. ಬರೀ ಕಾರ್ಬ್ಯುರೇಟರ್ ಹಾಕಿದರೆ ಸದ್ದು ಬರುತ್ತದೆ, ಶಕ್ತಿ ಅಷ್ಟಾಗಿ ಬರುವುದಿಲ್ಲ. ಕ್ಯಾಮ್, ಪಿಸ್ಟನ್ ಎಲ್ಲ ಬದಲಾಗಬೇಕು. ಅದು ಎಂಜಿನ್ ಪೂರ್ತಿ ಬಿಚ್ಚುವ ದಿನದ ಕೆಲಸ.

ಅದೂ ಅಲ್ಲದೆ ಕ್ಯಾಲಿಫೋರ್ನಿಯಾದಲ್ಲಿ ಇರುವ ನಮಗೆ ಸ್ಮಾಗ್ ಪರೀಕ್ಷೆ ಇದೆ. 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳಿಗೆ ವಿನಾಯಿತಿ. 1976ರಿಂದ ಈಚಿನ ಇಂಥ ಹಳೇ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ಹೊಗೆ ಅಳೆಯುವುದರ ಜೊತೆಗೆ ಎಂಜಿನ್ನಿನ ಮೇಲೆ ಏನೇನಿದೆ ಅಂತ ಕಣ್ಣಿನಿಂದಲೂ ನೋಡುತ್ತಾರೆ. ಕಾರ್ಬ್ಯುರೇಟರ್ ಹಾಕಿದ ಎಸ್‌ಸಿ ಅಲ್ಲೇ ಫೇಲ್. ಮುಖ 1973ರದ್ದು ಇದ್ದರೂ ಕಾರು 1983ರದ್ದೇ. ಅದಕ್ಕೇ ಇಲ್ಲಿ ಎರಡು ಪಂಥ ಇವೆ. ಒಂದು ಪಂಥದವರು 1974 ಅಥವಾ 1975ರ ಕಾರು ಹಿಡಿದು, ಆಮೇಲಿನ 3 ಲೀಟರ್ ಅಥವಾ 3.2 ಎಂಜಿನ್ ಕೂರಿಸುತ್ತಾರೆ. ಸ್ಮಾಗ್ ತಲೆನೋವಿಲ್ಲ. ಆದರೆ ಆ ಕಾರುಗಳ ಮೈಗೆ ಪೂರ್ತಿ ಸತುವಿನ ರಕ್ಷಣೆ ಇಲ್ಲ. ಅವುಗಳ ಮೂಲ 2.7 ಎಂಜಿನ್ನಿಗೆ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ), ಹೆಡ್ ಸ್ಟಡ್ ಕಿತ್ತು ಬರುವುದು ಅದರ ರೋಗ. ಇನ್ನೊಂದು ಪಂಥದವರು ಎಸ್‌ಸಿ ಕೊಂಡು, ಎಂಜಿನ್ ಹಾಗೇ ಬಿಟ್ಟು, ಸ್ಮಾಗ್ ಪಾಸು ಮಾಡಿಸಿಕೊಂಡು ಓಡಾಡುತ್ತಾರೆ. ದಿನಾ ಓಡಿಸುವವರಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಗಟ್ಟಿ ಮೈ, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್, ಚಳಿಯಲ್ಲೂ ಸ್ಟಾರ್ಟ್ ಆಗುವ ಇಂಜೆಕ್ಷನ್. ಎಂಜಿನ್ ಮೇಲೆ ಪ್ರಯೋಗ ಮಾಡುವ ಹುಚ್ಚು ಇದ್ದವರು ಮೊದಲನೆಯ ದಾರಿ ಹಿಡಿಯಿರಿ.

964, ಅಂದರೆ ಆಮೇಲಿನ ಪೀಳಿಗೆಯ 911, ಆ ಕಾರಿನ ಮೇಲೆ ಯಾಕೆ ಮಾಡಬಾರದು ಅಂತ ಕೇಳುವವರಿದ್ದಾರೆ. ರಾಬ್ ಡಿಕಿನ್ಸನ್ 2009ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಸಿಂಗರ್ ಸಂಸ್ಥೆ 964ರ ಮೇಲೆಯೇ ಕೆಲಸ ಮಾಡಿ ಹೆಸರು ಮಾಡಿತು. 964ರಲ್ಲಿ 3.6 ಲೀಟರ್ ಎಂಜಿನ್, ಟಾರ್ಷನ್ ಬಾರ್ ಬದಲು ಕಾಯಿಲ್ ಸ್ಪ್ರಿಂಗ್, ಪವರ್ ಸ್ಟೀರಿಂಗ್, ಎಬಿಎಸ್ ಎಲ್ಲ ಇವೆ. ಓಡಿಸುವುದಕ್ಕೆ ಇನ್ನೂ ಸುಖ. ಆದರೆ ಅದನ್ನು ಹಳೆಯ ರೂಪಕ್ಕೆ ತರುವ ದೂರ ಜಾಸ್ತಿ, ದುಡ್ಡೂ ಅಷ್ಟೇ ಜಾಸ್ತಿ. ಮನೆಯ ಗ್ಯಾರೇಜಿನಲ್ಲಿ ಮಾಡುವವರಿಗೆ ಎಸ್‌ಸಿಯೇ ಸರಿ.

ಒಳಗಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಐದು ಮೀಟರುಗಳ ಸಾಲು, ನಡುವೆ ದೊಡ್ಡ ಆರ್‌ಪಿಎಂ ಮೀಟರ್, ಇದು ಮೊದಲಿನಿಂದಲೂ ಇದ್ದದ್ದೇ. ಅಮೆರಿಕದ 1980ರಿಂದ 1982ರ ಎಸ್‌ಸಿಗಳಲ್ಲಿ ಸ್ಪೀಡೋಮೀಟರ್ 85 ಮೈಲಿಗೇ ಮುಗಿಯುತ್ತದೆ, ಆಗಿನ ಸರ್ಕಾರಿ ನಿಯಮ ಹಾಗಿತ್ತು. ಅದರ ಮುಖ ಬದಲಾಯಿಸಿಕೊಡುವವರು ಇದ್ದಾರೆ. ಬಾಗಿಲಿಗೆ ಆರ್‌ಎಸ್ ಥರ ಸಾದಾ ಹಲಗೆ, ಎಳೆಯುವುದಕ್ಕೆ ಒಂದು ಪಟ್ಟಿ ಸಾಕು. ಸೀಟು ಯಾವುದೇ ಇರಲಿ, ತಲೆಗೆ ಆಸರೆ ಇರಲಿ, ಮೂರು ಕಡೆ ಹಿಡಿಯುವ ಬೆಲ್ಟ್ ಇರಲಿ. ಇದರಲ್ಲಿ ವರ್ಷದ ಹಾಳೆಯ ಮಾತು ಕೇಳಬೇಡಿ. ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರು ಅದು.

ಬಣ್ಣಕ್ಕೆ 1973ರ ಬಣ್ಣದ ಪಟ್ಟಿಯಲ್ಲೇ ಬೇಕಾದಷ್ಟು ಇದೆ. ತಿಳಿ ಹಳದಿ, ಗ್ರ್ಯಾಂಡ್ ಪ್ರೀ ಬಿಳಿ, ಕಿತ್ತಳೆ, ಬದನೆಕಾಯಿ ಬಣ್ಣ. ಬಣ್ಣ ಬದಲಾಯಿಸುವುದಾದರೆ ಎಂಜಿನ್ ಕೋಣೆ, ಡಿಕ್ಕಿ, ಬಾಗಿಲಿನ ಒಳಅಂಚು ಎಲ್ಲ ಸೇರಬೇಕು. ಗಾಜು ತೆಗೆದು ಹಚ್ಚಬೇಕು. ಬಾಗಿಲು ತೆಗೆದಾಗ ಹಳೇ ಕಂದು ಬಣ್ಣ ಕಂಡರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಷ್ಟಕ್ಕೆ ದುಡ್ಡು ಸಾಲದಿದ್ದರೆ ಮೂಲ ಬಣ್ಣದಲ್ಲೇ ಉಳಿಯಿರಿ. ಅದೂ ಗೌರವದ ದಾರಿಯೇ.

ಬೆಂಗಳೂರಿನಲ್ಲಿ ಇದನ್ನು ಮಾಡಿಸಬಹುದಾ ಅಂತ ಊರಿನಿಂದ ಗೆಳೆಯರು ಕೇಳುತ್ತಾರೆ. ಕೈಕೆಲಸ ಬಲ್ಲವರು ಅಲ್ಲಿ ಇದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ವಾಹನ ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ಮಾತ್ರ. ಮೈ, ಚಾಸಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಾಗಿ ಅಲ್ಲಿ ಬ್ಯಾಕ್‌ಡೇಟ್ ಬೇಡ, ಇದ್ದುದನ್ನು ಇದ್ದ ಹಾಗೆ ಉಳಿಸುವ ಕೆಲಸ ಮಾಡಿ ಅನ್ನುತ್ತೇನೆ. ಜರ್ಮನಿಯಲ್ಲಿ ಇರುವವರಿಗೂ ಒಂದು ಮಾತು. ಅಲ್ಲಿ 30 ವರ್ಷ ದಾಟಿದ ಕಾರಿಗೆ ಸಿಗುವ ಎಚ್ ನಂಬರ್ ಪ್ಲೇಟಿಗೆ ಕಾರು ಬಹುಪಾಲು ಮೂಲ ಸ್ಥಿತಿಯಲ್ಲಿ ಇರಬೇಕು. ಕತ್ತರಿ ಹಾಕುವ ಮುಂಚೆ ಪರೀಕ್ಷಕರ ಜೊತೆ ಕೂತು ಮಾತಾಡಿ.

ಕೊನೆಗೆ ಕೆಲಸದ ಸರದಿ. ಕಾರು ತಂದ ತಕ್ಷಣ ಬಿಚ್ಚಬೇಡಿ. ಒಂದು ಬೇಸಿಗೆ, ಒಂದು ಚಳಿಗಾಲ ಹಾಗೇ ಓಡಿಸಿ. ಗೇರ್ ಎಲ್ಲಿ ತಡೆಯುತ್ತದೆ, ಬ್ರೇಕ್ ಯಾವ ಕಡೆ ಎಳೆಯುತ್ತದೆ, ಆಯಿಲ್ ಎಲ್ಲಿ ಸೋರುತ್ತದೆ ಬರೆದಿಡಿ. ಮೊದಲು ಅದೆಲ್ಲ ಸರಿಯಾಗಲಿ. ಆಮೇಲೆ ಎಲ್ಲ ಭಾಗಗಳನ್ನೂ ತರಿಸಿ ಒಂದೆಡೆ ಗುಡ್ಡೆ ಹಾಕಿ. ಒಂದು ಭಾಗ ಬಾಕಿ ಇದ್ದರೂ ಬಿಚ್ಚುವ ಕೆಲಸ ಶುರು ಮಾಡಬೇಡಿ. ಭಾಗಗಳಿಗಿಂತ ತಗಡಿನ ಕೆಲಸ, ಬಣ್ಣ, ಮತ್ತೆ ಜೋಡಿಸುವ ಕೂಲಿಗೇ ದುಡ್ಡು ಜಾಸ್ತಿ ಹೋಗುತ್ತದೆ. ಹಾಕಿದ ಅಂದಾಜಿನ ಮೇಲೆ ಇನ್ನೊಂದು ಕಾಲು ಭಾಗ ಪಕ್ಕಕ್ಕೆ ಇಟ್ಟುಕೊಳ್ಳಿ. ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಚೀಲದಲ್ಲಿ ಹಾಕಿ, ಎಲ್ಲಿಯದು ಅಂತ ಬರೆದು, ಫೋಟೋ ತೆಗೆಯಿರಿ. ತೆಗೆದ ಬಂಪರ್, ಬಾನೆಟ್, ಫೆಂಡರ್, ದೀಪ ಯಾವುದನ್ನೂ ಮಾರಬೇಡಿ. ಮುಂದೆ ಯಾರಾದರೂ ಆ ಕಾರನ್ನು ಎಸ್‌ಸಿಯಾಗಿಯೇ ನೋಡಬೇಕು ಅಂದರೆ ಅವರಿಗೆ ದಾರಿ ಇರಲಿ.

ಕಾಗದಪತ್ರದಲ್ಲಿ ಕಾರು 1983ರ ಎಸ್‌ಸಿ ಆಗಿಯೇ ಇರುತ್ತದೆ, ಇರಬೇಕು. ಚಾಸಿ ನಂಬರಿನ ತಗಡನ್ನು ಯಾರೂ ಮುಟ್ಟಬಾರದು. ಬಾಗಿಲ ಕೆಳಗೆ ಕರೇರಾ ಅಂತ ಅಕ್ಷರ ಬರೆಸುವುದು ನಿಮ್ಮ ಇಷ್ಟ. ನಾನಾದರೆ ಬರೆಸುವುದಿಲ್ಲ, 1973ರ ರೂಪದಲ್ಲಿ ಆ ಹೆಸರು ಆ 1580 ಕಾರುಗಳದ್ದು. ವಿಮೆ ಮಾಡಿಸುವಾಗ ಏನೇನು ಬದಲಾಗಿದೆ ಅಂತ ಪಟ್ಟಿ ಕೊಟ್ಟು, ಒಪ್ಪಿದ ಮೌಲ್ಯದ ಪಾಲಿಸಿಯನ್ನೇ, ಅಂದರೆ ಕಾರಿನ ಬೆಲೆಯನ್ನು ನೀವೂ ಕಂಪನಿಯವರೂ ಮೊದಲೇ ಒಪ್ಪಿಕೊಂಡ ಪಾಲಿಸಿಯನ್ನೇ, ತೆಗೆದುಕೊಳ್ಳಿ. ಇಲ್ಲದಿದ್ದರೆ ಅವರು ಸಾದಾ ಎಸ್‌ಸಿಯ ಬೆಲೆ ಕಟ್ಟುತ್ತಾರೆ. ಫೋಟೋ, ರಸೀದಿ, ಗೋಡೆಗೆ ಅಂಟಿಸಿದ್ದ ಆ ಹಾಳೆ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ಕಾರು ಮಾರಿದರೆ ಫೈಲನ್ನೂ, ಬಿಚ್ಚಿಟ್ಟ ಸಾಮಾನನ್ನೂ ಕೊಂಡವರಿಗೇ ಕೊಟ್ಟುಬಿಡಿ.